ಗಜೇಂದ್ರಗಡದಲ್ಲಿ ಎರಡು ಬಗೆಯ ಪುಸ್ತಕ ಓದಿದ ವರ್ಷ

ತಂಗಿಯ ಮಗಳ ಮದುವೆಗೆ ಸೀರೆ ತರಲೆಂದು ಹೋದ ವರ್ಷ ಗಜೇಂದ್ರಗಡಕ್ಕೆ ಹೋಗಿದ್ದೆವು. ಅಂಗಡಿಯವನು ಹಳೆಯ ಕಪಾಟು ತೆರೆದು, ಮಡಿಕೆಗಳ ನಡುವೆ ಹಾಕಿಟ್ಟಿದ್ದ ಒಣ ಬೇವಿನೆಲೆಯನ್ನು ಕೊಡವಿ, ಒಂದೊಂದೇ ಸೀರೆಯನ್ನು ನಮ್ಮ ಮುಂದೆ ಹಾಸತೊಡಗಿದ. ಬೇವಿನ ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಣ್ಣಿಗೆ ಸೀರೆಗಳು ಕಾಣದಾದವು. ಕಂಡದ್ದು ದವಾಖಾನೆಯ ಹಿಂದಿನ ಕೋಣೆ, ಅಲ್ಲಿ ಮಂಚದ ಕೆಳಗಿದ್ದ ತಗಡಿನ ಟ್ರಂಕು, ಅದರೊಳಗೆ ಬೇವಿನೆಲೆಯ ನಡುವೆ ಮಲಗಿದ್ದ ದಪ್ಪ ದಪ್ಪ ಪುಸ್ತಕಗಳು. ಪಕ್ಕದಲ್ಲಿ ತಂಗಿ "ಯಾವದು ಚಲೋ ಐತಿ ಹೇಳಕ್ಕಾ" ಎನ್ನುತ್ತಿದ್ದಳು. ನಾನು ಯಾವುದೋ ಒಂದಕ್ಕೆ ಬೆರಳು ತೋರಿಸಿದೆ.

ಕನ್ನಡ ನಾಡು ಒಂದಾದ ವರ್ಷ, ಮುಂಗಾರಿನ ಮೊದಲಲ್ಲಿ, ನಾನು ಗಜೇಂದ್ರಗಡದ ಹೆಣ್ಣುಮಕ್ಕಳ ಸಾಲೆಗೆ ಕಲಿಸುವ ಅಕ್ಕೋರಾಗಿ ಹೋದೆ. ನಮ್ಮದು ನರಗುಂದ. ಅಪ್ಪನಿಗೆ ಅಲ್ಲಿ ಜೋಳದ ವ್ಯಾಪಾರ. ಮಗಳು ಟ್ರೇನಿಂಗ್ ಮುಗಿಸಿದ್ದೇ ಅವನಿಗೆ ಸಾಕಾಗಿತ್ತು, ನೌಕರಿ ಬೇಕಿರಲಿಲ್ಲ. ರಾಜೂರಿನ ಒಂದು ಮನೆತನದಲ್ಲಿ ನನ್ನ ಮದುವೆಯ ಮಾತು ನಡೆದಿತ್ತು. ಗಜೇಂದ್ರಗಡಕ್ಕೂ ರಾಜೂರಿಗೂ ಅಂತರ ಸ್ವಲ್ಪ, ಹುಡುಗಿ ಹೇಗಿದ್ದಾಳೆಂದು ಬೀಗರೂ ನೋಡಿಕೊಂಡಾರು ಎಂಬ ಲೆಕ್ಕದಲ್ಲಿ ಅಪ್ಪ ಒಪ್ಪಿದ. ನೋಡುವವರು ಇದ್ದಾರೆಂಬುದು ನನಗೂ ಗೊತ್ತಿತ್ತು. ಹೊಸ ಊರಿಗೆ ಹೋದ ದಿನದಿಂದಲೇ ಬೆನ್ನಿನ ಮೇಲೆ ಯಾರದೋ ಕಣ್ಣಿದ್ದ ಹಾಗೆ ನಡೆಯುತ್ತಿದ್ದೆ.

ಬಸಲಿಂಗವ್ವ ಎಂಬ ವಿಧವೆಯ ಮನೆಯಲ್ಲಿ ಬಾಡಿಗೆಗೆ ಕೋಣೆ ಸಿಕ್ಕಿತು. ಕೆಳಗೆ ಅವಳ ಮಗ್ಗಗಳು, ಮೇಲೆ ನನ್ನ ಕೋಣೆ, ಅದರ ಮುಂದೆ ನೂಲು ಒಣಹಾಕುವ ಮಾಳಿಗೆ. ಸಾಲೆ ಬಿಟ್ಟ ಮೇಲೆ ನನಗಿದ್ದ ಚಟ ಒಂದೇ, ಮಾಯಾ ಕಾದಂಬರಿ ಓದುವುದು. ಪಗಾರದ ಕೆಲಸಕ್ಕೆಂದು ತಿಂಗಳಿಗೊಮ್ಮೆ ರೋಣಕ್ಕೆ ಮೋಟಾರಿನಲ್ಲಿ ಹೋಗಬೇಕಾಗುತ್ತಿತ್ತು. ಅಲ್ಲಿನ ವಾಚನಾಲಯದಿಂದ ಚೀಲದ ತುಂಬ ತರುತ್ತಿದ್ದೆ. ಹಾರುವ ಮಂಚ, ರಾಜಕುಮಾರಿಯ ನೆರಳನ್ನು ಕತ್ತರಿಸಿ ಗಡಿಗೆಯಲ್ಲಿ ಮುಚ್ಚಿಡುವ ಮಾಂತ್ರಿಕ, ಕನ್ನಡಿಯೊಳಗೆ ಹೋದವರು ಹೊರಗೆ ಬರಲಾರದ ಊರು. ಸಂಜೆ ಮಗ್ಗ ನಿಂತ ಮೇಲೆ ಬಸಲಿಂಗವ್ವನೂ ನೇಯುವ ಹೆಣ್ಣುಮಕ್ಕಳೂ ನನ್ನ ಸುತ್ತ ಕೂಡುತ್ತಿದ್ದರು. "ಮುಂದೇನಾತ ಹೇಳ್ರಿ ಅಕ್ಕೋರ" ಎಂದು ಅವರು, ನಿನ್ನೆ ಓದಿದ್ದನ್ನು ಹೇಳುತ್ತ ನಾನು. ಹೀಗೆ ಒಂದೆರಡು ತಿಂಗಳು ಸುಖವಾಗಿ ಕಳೆದವು.

ಆ ಕಾದಂಬರಿಗಳು ನನಗೆ ಒಂದು ವಿದ್ಯೆಯನ್ನು ಚೆನ್ನಾಗಿ ಕಲಿಸಿದ್ದವು. ಅದು ಅನುಮಾನ ಪಡುವುದು. ಅವುಗಳಲ್ಲಿ ಯಾರೂ ಏನನ್ನೂ ಪುಕ್ಕಟೆ ಕೊಡುವುದಿಲ್ಲ. ದಾರಿಯಲ್ಲಿ ಸಿಕ್ಕ ಮುದುಕಿ ಹಣ್ಣು ಕೊಟ್ಟರೆ ಅವಳು ಮಾಟಗಾತಿ. ಅಡವಿಯಲ್ಲಿ ದೀಪ ಉರಿಯುವ ಮನೆ ಕಂಡರೆ ಅದು ರಾಕ್ಷಸನ ಬಾಯಿ. ಕೊಟ್ಟವರು ಮೂರನೆಯ ಅಧ್ಯಾಯದ ಹೊತ್ತಿಗೆ ಬಂದು ತಮ್ಮದನ್ನು ಕೇಳಿಯೇ ಕೇಳುತ್ತಾರೆ.

ಶ್ರಾವಣದಲ್ಲಿ ಮಳೆ ಹಿಡಿಯಿತು. ಎರೆಮಣ್ಣಿನ ಹಾದಿ ಕಾಲು ಕೀಳಲು ಬಿಡದಂತಾಗಿ, ಹಳ್ಳಗಳು ತುಂಬಿ, ರೋಣದ ಮೋಟಾರು ನಿಂತುಹೋಯಿತು. ತಂದ ಪುಸ್ತಕಗಳೆಲ್ಲ ಮುಗಿದವು. ಅದೇ ಹೊತ್ತಿಗೆ ನನಗೆ ಚಳಿಜ್ವರ ಬಂದು ದವಾಖಾನೆಗೆ ಹೋದೆ. ಡಾಕ್ಟರರು ಊರಲ್ಲಿರಲಿಲ್ಲ. ನರ್ಸಬಾಯಿ ರೂತಬಾಯಿಯವರೇ ಔಷಧ ಕೊಟ್ಟರು. ನಡುಪ್ರಾಯ ದಾಟಿದ, ಎತ್ತರದ, ಹೆಚ್ಚು ಮಾತಾಡದ ಹೆಂಗಸು. ಊರಿನಲ್ಲಿ ಕ್ರಿಸ್ತೀಯರೆಂದರೆ ಅವರೊಬ್ಬರೇ. ಬಾಣಂತನಕ್ಕೆ ಎಲ್ಲರೂ ಅವರನ್ನು ಕರೆಯುತ್ತಿದ್ದರು. ಹೆರಿಗೆಯಾದ ಮೇಲೆ ಅವರು ಕೂತ ಜಾಗಕ್ಕೆ ಮನೆಯವರು ನೀರು ಹಾಕಿ ತೊಳೆಯುತ್ತಿದ್ದರು. ಔಷಧದ ಬಾಟಲಿ ಹುಡುಕಲು ಅವರು ಒಳಗೆ ಹೋದಾಗ ತೆರೆದ ಬಾಗಿಲಿನಿಂದ, ಮಂಚದ ಕೆಳಗಿನಿಂದ ಎಳೆದು ಮುಚ್ಚಳ ತೆಗೆದಿಟ್ಟಿದ್ದ ಟ್ರಂಕು ಕಂಡಿತು, ಟ್ರಂಕಿನೊಳಗೆ ಪುಸ್ತಕಗಳು ಕಂಡವು.

"ಏನ ಪುಸ್ತಕ ಅವು ಬಾಯಾರ? ನನಗೊಂದು ಓದಾಕ ಕೊಡ್ತೀರೇನು?" ಎಂದೆ.

ಅವರು ಬಾಟಲಿಯನ್ನು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದರು.

"ಯಾರು ಕಳಿಸಿದ್ರು ನಿಮ್ಮನ್ನ?"

"ಯಾರೂ ಕಳಿಸಿಲ್ರಿ. ಮಳಿಗೆ ರೋಣಕ್ಕ ಹೋಗಾಕ ಆಗವಲ್ದು. ಓದಾಕ ಏನೂ ಇಲ್ಲ."

"ಸಾಲಿ ಕಮಿಟಿಯವರು ಕಳಿಸಿದ್ರೇನು? ನಾ ಪುಸ್ತಕ ಹಂಚತೀನೋ ಇಲ್ಲೋ ನೋಡಕೊಂಡ ಬಾ ಅಂತ?"

ನಾನು ಇಲ್ಲವೆಂದೆ. ಅವರು ನಂಬಲಿಲ್ಲ. ಔಷಧ ಕೊಟ್ಟು ಕಳಿಸಿಬಿಟ್ಟರು. ಜ್ವರ ಬಿಟ್ಟ ಮೇಲೆ ಬಾಟಲಿ ಮರಳಿಸಲು ಹೋದಾಗ ಏನು ಯೋಚಿಸಿದ್ದರೋ, ತಾವಾಗಿಯೇ ಒಂದು ಪುಸ್ತಕ ತಂದು ಕೈಗಿಟ್ಟರು. "ಇವು ನಮ್ಮ ಮಾವನೋರವು. ಉಪದೇಶ ಮಾಡತಿದ್ರು. ಕಥಿ ಇಲ್ಲ ಇದರಾಗ, ನೋಡ್ರಿ" ಎಂದರು.

ಮಿಶನ್ನಿನ ಹಳೆಯ ಅಚ್ಚು. ಕನ್ನಡವೇ, ಆದರೆ ಯಾರೋ ಕನ್ನಡವನ್ನು ದೂರದ ಊರಿಗೆ ಒಯ್ದು ಬೆಳೆಸಿ ತಂದ ಹಾಗಿತ್ತು. ಪಾಪವೆಂದರೇನು, ರಕ್ಷಣೆ ಎಂದರೇನು, ದೇವರು ಮನುಷ್ಯನಾದದ್ದು ಏತಕ್ಕೆ ಎಂದು ಪ್ರಶ್ನೆ, ಅದರ ಕೆಳಗೆ ಉತ್ತರ. ಮೊದಲು ನಗು ಬಂತು, ಆಮೇಲೆ ಸಿಟ್ಟು. ಆದರೂ ಬಿಡಲಾಗಲಿಲ್ಲ. ಮಾಯಾ ಕಾದಂಬರಿಯಲ್ಲಿ ರಾಕ್ಷಸ ತನ್ನ ಪ್ರಾಣವನ್ನು ಯಾರಿಗೂ ಸಿಗದ ಹಾಗೆ ಬಚ್ಚಿಡುತ್ತಾನೆ. ಇಲ್ಲಿ ದೇವರೇ ತನ್ನ ಪ್ರಾಣವನ್ನು ಎಲ್ಲರ ಕೈಗೂ ಸಿಗುವ ಹಾಗೆ ಬಯಲಲ್ಲಿಟ್ಟು ಕೊಲ್ಲಿಸಿಕೊಳ್ಳುತ್ತಾನೆ. ಅದು ನನಗೆ ಹೊಸದು. ಪುಟಪುಟಕ್ಕೂ ಒಂದು ಮಾತು ಬರುತ್ತಿತ್ತು, ಕೃಪೆ. ಬೆಲೆಯಿಲ್ಲದೆ ಕೊಟ್ಟದ್ದು ಎಂದು ಅದರ ಅರ್ಥ ಬಿಡಿಸಿದ್ದರು. ನನ್ನ ಅನುಮಾನವೆಲ್ಲ ಅಲ್ಲಿ ಹೋಗಿ ನಿಂತಿತು. ಕಾದಂಬರಿ ಬರೆದವನಿಗೆ ಪುಸ್ತಕದ ಬೆಲೆ ಬಂದರೆ ನನ್ನ ಗೊಡವೆ ಮುಗಿಯಿತು. ಈ ಪುಸ್ತಕ ಬರೆದವನು ಬೆಲೆಯೇ ಬೇಡವೆನ್ನುತ್ತಾನೆ. ಹಾಗಾದರೆ ಅವನಿಗೆ ಬೇಕಾದದ್ದು ನಾನೇ ಇರಬೇಕು.

ಅಂಜಿಕೊಂಡೇ ಓದಿದೆ. ಒಂದು ಮುಗಿದರೆ ಇನ್ನೊಂದು. ಮಳೆ ನಿಂತು ರೋಣದ ಹಾದಿ ತೆರೆದ ಮೇಲೂ ಎರಡೂ ಬಗೆಯ ಪುಸ್ತಕಗಳು ನನ್ನ ತಲೆದಿಂಬಿನ ಬದಿಯಲ್ಲಿ ಒಟ್ಟಿಗೇ ಇರುತ್ತಿದ್ದವು. ಕಾದಂಬರಿ ಬಿಚ್ಚಿ ಬಿದ್ದಿರುತ್ತಿತ್ತು, ಉಪದೇಶದ ಪುಸ್ತಕಕ್ಕೆ ವರ್ತಮಾನ ಪತ್ರಿಕೆಯ ಹೊದಿಕೆ ಇರುತ್ತಿತ್ತು. ರೂತಬಾಯಿಯವರು ಓದಿದಿರಾ, ತಿಳಿಯಿತಾ, ನಮ್ಮ ಸಭೆಗೆ ಬರುತ್ತೀರಾ ಎಂದು ಒಂದು ಮಾತೂ ಕೇಳುತ್ತಿರಲಿಲ್ಲ. ಕೇಳದೆ ಇದ್ದಷ್ಟೂ ನನಗೆ ಭಯ ಹೆಚ್ಚುತ್ತಿತ್ತು. ಅವರಿಗೆ ಬೇಕಾಗಿದ್ದದ್ದು ನನ್ನ ಮಾಯಾ ಕಥೆಗಳು. ದವಾಖಾನೆಯ ಹಿಂದಿನ ಕಟ್ಟೆಯ ಮೇಲೆ ಸೂಜಿ ಕುದಿಸುತ್ತ ಕೂತು ಕೇಳುತ್ತಿದ್ದರು. ಒಮ್ಮೆ ನಾಗರಾಜನು ನೆಲದೊಳಗೆ ಎಳೆದೊಯ್ದ ಕೂಸಿನ ಕಥೆ ಹೇಳುತ್ತಿದ್ದೆ. ಅವರು ಚಿಮಟ ಕೆಳಗಿಟ್ಟು, "ಆ ಕೂಸು ಮತ್ತ ಸಿಕ್ಕತೇನ್ರಿ ತಾಯಿಗೆ?" ಎಂದರು. ವಾಚನಾಲಯದ ಆ ಪ್ರತಿಯಲ್ಲಿ ಕೊನೆಯ ಹಾಳೆಗಳು ಹರಿದುಹೋಗಿದ್ದವು. ಸಿಕ್ಕಿತು ಎಂದು ನಾನೇ ಒಂದು ಕೊನೆ ಕಟ್ಟಿ ಹೇಳಿದೆ. ಅವರು ಸುಮ್ಮನೆ ಕೇಳಿ, "ಇದು ಪುಸ್ತಕದಾಗ ಇಲ್ಲ, ನೀವು ಮಾಡಿದ್ದು" ಎಂದರು. ನಾನು ಒಪ್ಪಿಕೊಂಡು ನಕ್ಕೆ. ಅವರು ನಗಲಿಲ್ಲ.

ದೀಪಾವಳಿಯ ಹೊತ್ತಿಗೆ ರಾಜ್ಯ ಕೂಡಿತು. ಮುಂಬಯಿಯವರ ಕಾಲ ಮುಗಿದು ಮೈಸೂರಿನವರ ಕಾಲ ಬಂತು, ಸಾಲೆಯಲ್ಲಿ ಪೇಢೆ ಹಂಚಿದೆವು. ಆದರೆ ಯಾರ ಕುರ್ಚಿ ಉಳಿಯುತ್ತದೆ, ಯಾರ ಮೇಲೆ ಯಾರು ಚಾಡಿ ಹೇಳಿದ್ದಾರೆ ಎಂಬ ಪಿಸುಮಾತು ಊರ ತುಂಬ ಹಬ್ಬಿತ್ತು. ಅಂಥ ದಿನಗಳಲ್ಲಿ ಬಸಲಿಂಗವ್ವ ಮಾಳಿಗೆಯ ಮೇಲೆ ನೂಲು ತೆಗೆಯಲು ಬಂದವಳು ನಾನು ಅಲ್ಲೇ ಬಿಟ್ಟಿದ್ದ ಪುಸ್ತಕದ ಮೇಲೆ, ಗಾಳಿಗೆ ಸರಿದ ಹೊದಿಕೆಯ ಕೆಳಗೆ, ಶಿಲುಬೆಯ ಚಿತ್ರ ನೋಡಿದಳು. ಅವಳಿಗೆ ಓದು ಬಾರದು, ಚಿತ್ರ ತಿಳಿಯದೆ ಇರುತ್ತದೆಯೇ. ಮರುದಿನ ನಾನು ಇಳಿದು ಬಂದಾಗ ಕುಡಿಯುವ ನೀರಿನ ಹಂಡೆ ಪಡಸಾಲೆಯಲ್ಲಿರಲಿಲ್ಲ, ಒಳಗಿನ ಕೋಣೆ ಸೇರಿತ್ತು. ಸಂಜೆ ಕಥೆ ಕೇಳಲು ಯಾರೂ ಬರಲಿಲ್ಲ.

ಸಾಲೆಯ ಕಮಿಟಿಯ ಹಿರಿಯರು ಈರಪ್ಪ ಸಾವಕಾರ್ರು. ಅವರು ಸಾಲೆಗೇ ಬಂದು, ಮಕ್ಕಳನ್ನು ಹೊರಗೆ ಕಳಿಸಿ, ನನ್ನ ಮುಂದೆ ಕೂತರು.

"ಅಕ್ಕೋರ, ಏನ ಓದಾಕತ್ತೀರಿ ಇತ್ತೀಚಿಗೆ?"

"ಕಾದಂಬರಿ ಓದತೀನ್ರಿ. ಕ್ರಿಸ್ತೀಯರ ಧರ್ಮದ ಪುಸ್ತಕಾನೂ ಓದತೀನ್ರಿ."

ನಾನು ಮುಚ್ಚಿಡಬಹುದೆಂದು ಅವರು ಸಿದ್ಧರಾಗಿ ಬಂದಿದ್ದರೆಂದು ತೋರುತ್ತದೆ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಹೆಣ್ಣಹುಡುಗ್ಯಾರ ಸಾಲಿ ಇದು. ನಾಳೆ ಒಬ್ಬರ ಮನಿಯವರು ಬಂದು ನಮ್ಮ ಹುಡುಗಿಗೆ ಏನ ಕಲಿಸಾಕತ್ತಾರ ಅಂತ ಕೇಳಿದ್ರ ನಾ ಏನ ಹೇಳಲಿ?"

"ಸಾಲ್ಯಾಗ ನಾ ಪಠ್ಯ ಬಿಟ್ಟು ಬ್ಯಾರೆ ಏನೂ ಕಲಿಸಿಲ್ರಿ."

"ಗೊತ್ತೈತಿ. ಅದಕ್ಕ ಈಗ ಬಾಯಿಲೇ ಹೇಳಾಕತ್ತೀನಿ. ಬಿಟ್ಟಬಿಡ್ರಿ. ಇಲ್ಲಂದ್ರ ರೋಣದ ಕಚೇರಿಗೆ ತಿಳಸಬೇಕಾಗತೈತಿ."

ಸುದ್ದಿ ನರಗುಂದಕ್ಕೂ ಮುಟ್ಟಿತು. ಅಪ್ಪ ಬಂದ. ಬೈಯಲಿಲ್ಲ, ಮಾಳಿಗೆಯ ಮೇಲೆ ಕೂತು ಪುಸ್ತಕವನ್ನು ಕೈಯಲ್ಲಿ ತೂಗಿ ನೋಡಿದ. ಅವನು ಜೋಳವನ್ನೂ ಹಾಗೆಯೇ ನೋಡುತ್ತಿದ್ದ.

"ಆ ಬಾಯಿ ನಿನಗ ಏನರ ಕೇಳ್ಯಾಳೇನು?"

"ಇಲ್ಲಪ್ಪಾ. ಏನೂ ಕೇಳಿಲ್ಲ."

"ಕೇಳತಾಳ. ನಲವತ್ತ ವರ್ಷ ಸಂತ್ಯಾಗ ಕುಂತೇನಿ ನಾ. ಸುಮ್ಮನ ಕೊಡವರನ್ನ ಇನ್ನೂ ನೋಡಿಲ್ಲ. ಆಕಿ ಕೇಳಿದ ದಿನ ನೀ ನರಗುಂದಕ್ಕ ಬಂದಬಿಡು."

ಅಪ್ಪನನ್ನು ಮೋಟಾರಿಗೆ ಹತ್ತಿಸಿ ಬರುವಾಗ, ನನ್ನ ಮನಸ್ಸಿನಲ್ಲಿದ್ದದ್ದನ್ನೇ ಅವನು ಹೇಳಿದನಲ್ಲ ಎನಿಸಿತು.

ಎಳ್ಳ ಅಮಾವಾಸ್ಯೆ ಮುಗಿದು ಬಿಳಿಜೋಳ ತೆನೆಗಟ್ಟಿದ್ದ ಚಳಿಗಾಲ. ಒಂದು ಮಧ್ಯಾಹ್ನ ಪುಸ್ತಕ ಮರಳಿಸಲು ಹೋದೆ. ಇನ್ನು ಸಾಕು, ಮತ್ತೆ ತರುವುದು ಬೇಡ ಎಂದು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ರೂತಬಾಯಿಯವರು ಬಾಗಿಲು ಮುಂದಕ್ಕೆ ಎಳೆದು, "ಅಕ್ಕೋರ, ನಿಮಗೊಂದು ಕೆಲಸ ಹೇಳಬೇಕಾಗೇತಿ" ಎಂದರು.

ಬಂತು ಎಂದುಕೊಂಡೆ.

"ಈ ಪುಸ್ತಕಗಳೊಳಗ ಎಲ್ಯರ, ದೀಕ್ಷಾಸ್ನಾನ ಆಗೂದಕ್ಕಿಂತ ಮೊದಲ ಸತ್ತ ಕೂಸು ಎಲ್ಲಿಗೆ ಹೋಗತೈತಿ ಅಂತ ಬರದಾರೇನು? ಹುಡಕಿ ಹೇಳ್ತೀರೇನು?"

ಯಾವ ಕೂಸೆಂದು ನನಗೆ ತಿಳಿಯಲಿಲ್ಲ. ಅವರು ಗೋಡೆಗೆ ಒರಗಿ ನಿಂತು, ಬೇರೆ ಯಾರದೋ ಸಂಗತಿಯಂತೆ ಹೇಳಿದರು. ಮದುವೆಯಾದ ಹೊಸತರಲ್ಲಿ ಅವರಿಗೆ ಸವಡಿಯಲ್ಲಿ ಕೆಲಸ. ಮಳೆಗಾಲದಲ್ಲಿ ಒಂದು ಹೆಣ್ಣು ಕೂಸು ಹುಟ್ಟಿತು, ಅದಕ್ಕೆ ಉಸಿರಿನ ತೊಂದರೆ. ನೀರು ಹಾಕಿ ಹೆಸರಿಟ್ಟು ದೀಕ್ಷೆ ಕೊಡಲೆಂದು ಪಾದ್ರಿಯವರಿಗೆ ಹೇಳಿ ಕಳಿಸಿದರು. ಹಳ್ಳ ತುಂಬಿ ಅವರಿಗೆ ದಾಟಲಾಗಲಿಲ್ಲ. ನೀರಿಳಿದು ಅವರು ಬರುವಷ್ಟರಲ್ಲಿ ಕೂಸು ಹೋಗಿತ್ತು. ದೀಕ್ಷಾಸ್ನಾನವಿಲ್ಲದ್ದಕ್ಕೆ ಪ್ರಾರ್ಥನೆ ಹೇಳಲು ಬರುವುದಿಲ್ಲವೆಂದು ಅವರು ತಲೆ ತಗ್ಗಿಸಿ ಹೇಳಿ ಹೋದರು. ಗಂಡ ಹೆಂಡತಿ ಇಬ್ಬರೇ ಹೊಲದ ಬದುವಿನಲ್ಲಿ ಹುಗಿದು ಬಂದರು. ಗಂಡ ಸಾಯುವವರೆಗೂ ಇಬ್ಬರೂ ಆ ಮಾತು ಎತ್ತಲಿಲ್ಲ. ಆಮೇಲೆ ಮಕ್ಕಳಾಗಲಿಲ್ಲ.

"ನಿಮಗ ಓದಾಕ ಬರತೈತಲ್ರಿ. ನೀವ ಯಾಕ ನೋಡಲಿಲ್ಲ?"

"ಅಂಜಿಕಿ. ಇಲ್ಲ ಅಂತ ಇದ್ದರ?"

"ನಿಮ್ಮ ಪಾದ್ರಿಗಳನ್ನ ಕೇಳಬಹುದಿತ್ತಲ್ಲ."

"ನಮ್ಮವರನ್ನ ಕೇಳಿದರ ಸಮಾಧಾನ ಮಾಡಾಕ ಸುಳ್ಳ ಹೇಳತಾರ, ಇಲ್ಲಾ ಅಂಜಸಾಕ ಖರೇ ಹೇಳತಾರ. ನೀವು ನಮ್ಮವರಲ್ಲ. ಹ್ಯಾಂಗ ಇದ್ದರೂ ನಿಮಗೇನೂ ಲಾಭ ಇಲ್ಲ."

"ಅದಕ್ಕ ನನಗ ಪುಸ್ತಕ ಕೊಟ್ಟಿದ್ರೇನು?"

"ಹೌದ್ರಿ. ಮೊದಲನೇ ದಿನ ನೀವು ಜ್ವರದಾಗೂ ಪುಸ್ತಕ ಕೇಳಿದ್ರಿ. ಈಕಿ ಎಲ್ಲಾ ಓದತಾಳ, ಒಂದಿಲ್ಲ ಒಂದ ದಿನ ಅದು ಕಣ್ಣಿಗೆ ಬೀಳತೈತಿ ಅನಸ್ತು."

ಅಪ್ಪ ಹೇಳಿದ್ದು ನಿಜವಾಗಿತ್ತು; ಅವರು ಕೇಳಿದ್ದರು. ನಾನು ನರಗುಂದಕ್ಕೆ ಹೋಗಲಿಲ್ಲ. ಮರಳಿಸಲು ತಂದಿದ್ದ ಪುಸ್ತಕದ ಜೊತೆಗೆ ಉಳಿದವನ್ನೂ ಕಟ್ಟಿಸಿಕೊಂಡು ಬಂದೆ.

ಜೋಳದ ಸುಗ್ಗಿ ಮುಗಿಯುವವರೆಗೆ ಹುಡುಕಿದೆ. ಆ ದಿನಗಳಲ್ಲಿ ರೋಣದ ಕಾದಂಬರಿಗಳು ಕಟ್ಟಿದ ಕಟ್ಟಿನಲ್ಲೇ ಉಳಿದವು. ಪ್ರಶ್ನೋತ್ತರದ ಪುಸ್ತಕವೊಂದರಲ್ಲಿ ಉತ್ತರ ಬೇಗನೆ ಸಿಕ್ಕಿತು. ಒಂದೇ ಸಾಲು: ಅಂಥ ಕೂಸಿಗೆ ಸ್ವರ್ಗದೊಳಗೆ ಪ್ರವೇಶವಿಲ್ಲ. ಅದರ ಹಿಂದಿನ ಪ್ರಶ್ನೆಯೂ ಮುಂದಿನ ಪ್ರಶ್ನೆಯೂ ಬೇರೆ ವಿಷಯದವು. ಅದನ್ನು ಓದಿ ಹಲವು ದಿನ ದವಾಖಾನೆಯ ಬೀದಿಯನ್ನೇ ತಪ್ಪಿಸಿ ಸಾಲೆಗೆ ಹೋದೆ. ಆಮೇಲೆ, ಮುಖಪುಟವೇ ಇಲ್ಲದ, ಬರೆದವರ ಹೆಸರೂ ಉಳಿದಿರದ ಒಂದು ದಪ್ಪ ವ್ಯಾಖ್ಯಾನ ಕೈಗೆ ಹತ್ತಿತು. ಅದರಲ್ಲಿ ಆ ಮನುಷ್ಯ ಇದೇ ಪ್ರಶ್ನೆಯನ್ನು ಎತ್ತಿಕೊಂಡು ಪುಟಗಟ್ಟಲೆ ಒದ್ದಾಡಿದ್ದ. ಅವನು ಕೊನೆಗೆ ಬಂದು ಮುಟ್ಟಿದ ಮಾತಿನ ಸಾರ ನನಗೆ ಇಂದಿಗೂ ನೆನಪಿದೆ. ದೀಕ್ಷೆಯ ನೀರು ಮನುಷ್ಯರಿಗೆ ಹಾಕಿದ ನೇಮ, ದೇವರು ಅದಕ್ಕೆ ಕಟ್ಟುಬಿದ್ದವನಲ್ಲ. ಹೊಟ್ಟೆಯೊಳಗಿದ್ದಾಗಲೇ ಆ ಕೂಸನ್ನು ಬಲ್ಲವನು ಹೊರಗೆ ಬಂದ ಮೇಲೆ ಗುರುತು ಸಿಗಲಿಲ್ಲ ಎನ್ನುವನೇ, ಎಂದಿತ್ತು.

ಎರಡನ್ನೂ ಎತ್ತಿಕೊಂಡು ಹೋದೆ. ಒಂದನ್ನೇ ಒಯ್ಯುವ ಮನಸ್ಸಾಗಿತ್ತು, ಆದರೆ ಅವರು ಖರೇ ಕೇಳಿದ್ದರು. ದವಾಖಾನೆಯ ಹಿಂದಿನ ಕಟ್ಟೆಯ ಮೇಲೆ, ಹಾಡುಹಗಲಿನಲ್ಲಿ, ಮೊದಲು ಬಿರುಸಿನ ಸಾಲನ್ನು ಓದಿದೆ. ಆಮೇಲೆ ವ್ಯಾಖ್ಯಾನದ ಆ ಪುಟ ಓದಿದೆ. ಮುಗಿಸುವಷ್ಟರಲ್ಲಿ ಅವರು ನನ್ನ ಮಣಿಕಟ್ಟು ಹಿಡಿದಿದ್ದರು.

"ಇದನ್ನ ನೀವು ಮಾಡಿ ಓದಿದ್ರಿ. ಆ ನಾಗರಾಜನ ಕಥಿ ಗತೆ."

"ಇಲ್ರಿ. ಇಲ್ಲೇ ಐತಿ ನೋಡ್ರಿ."

"ಎಲ್ಲಿ ಐತಿ, ಬಟ್ಟ ಇಡ್ರಿ."

ನಾನು ಬೆರಳಿಟ್ಟು ತೋರಿಸಿದೆ. ಅವರು ಒಳಗೆ ಹೋಗಿ ಚಾಳೀಸು ಹಾಕಿಕೊಂಡು ಬಂದು, ಅಕ್ಷರ ಅಕ್ಷರ ಕೂಡಿಸಿ ಓದಿದರು. ಇನ್ನೊಮ್ಮೆ ಓದಿದರು. ಹಾಳೆಯನ್ನು ಬೆಳಕಿಗೆ ಹಿಡಿದು, ಬೇರೆ ಹಾಳೆ ಅಂಟಿಸಿಲ್ಲವಷ್ಟೇ ಎಂಬಂತೆ ಅದರ ಬುಡವನ್ನೂ ನೋಡಿದರು. ಆಮೇಲೆ ಎರಡೂ ಪುಸ್ತಕಗಳನ್ನು ಪಕ್ಕ ಪಕ್ಕ ಇಟ್ಟರು.

"ಎರಡೂ ನಮ್ಮ ಮಂದೀನ ಬರದದ್ದು. ಯಾವದು ಖರೇ?"

"ನನಗ ಗೊತ್ತಿಲ್ರಿ ಬಾಯಾರ."

"ನಿಮಗ ಏನ ಅನಸತೈತಿ ಹೇಳ್ರಿ."

"ಮೊದಲನೇದು ಬರದಾವಂಗ ಅದೊಂದು ಪ್ರಶ್ನಿ ಅಷ್ಟ. ಉತ್ತರ ಬರದು ಮುಂದ ಹೋಗ್ಯಾನ. ಎರಡನೇದಾವಂಗ ಅದು ಕೂಸು. ಯಾವದೋ ಕೂಸನ್ನ ಕಣ್ಣಮುಂದ ಇಟಗೊಂಡು ಬರದಾನ. ನಾ ನಂಬೋದಾದ್ರ ಅವನ್ನ ನಂಬತೀನಿ."

ಅವರು ಚಾಳೀಸು ತೆಗೆದು ಸೆರಗಿನಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು. ಅಳಲಿಲ್ಲ.

ನಾವು ಕೂತದ್ದನ್ನು ಔಷಧಕ್ಕೆ ಬಂದ ಯಾರೋ ನೋಡಿದ್ದರು. ಅಕ್ಕೋರು ಗಟ್ಟಿಯಾಗಿ ಕ್ರಿಸ್ತೀಯರ ಪುಸ್ತಕ ಓದುತ್ತಿದ್ದರು, ನರ್ಸಬಾಯಿ ಕೈ ಹಿಡಿದು ಏನೋ ಮಾಡುತ್ತಿದ್ದಳು ಎಂದು ಸುದ್ದಿಯಾಯಿತು. ಈರಪ್ಪ ಸಾವಕಾರ್ರು ಹೇಳಿದಂತೆ ರೋಣಕ್ಕೆ ತಿಳಿಸಿದರು. ರಾಜೂರಿನವರು ಮದುವೆಯ ಮಾತು ಅಲ್ಲಿಗೇ ನಿಲ್ಲಿಸಿದರು. ರೋಣದ ಶಿಕ್ಷಣ ಕಚೇರಿಯಲ್ಲಿ ಸಾಹೇಬರು ನನ್ನನ್ನು ನಿಲ್ಲಿಸಿಯೇ ಕೇಳಿದರು.

"ಧರ್ಮ ಬಿಟ್ಟೀರೇನು?"

"ಇಲ್ರಿ."

"ಬಿಡಾವರಿದ್ದೀರೇನು?"

"ಇಲ್ರಿ."

"ಮತ್ತ ಬ್ಯಾಡ ಅಂದ್ರೂ ಯಾಕ ಓದಿದ್ರಿ?"

"ಒಬ್ಬರಿಗೆ ಒಂದು ಮಾತು ತಿಳಕೊಳ್ಳೋದಿತ್ರಿ. ಅದನ್ನ ಹುಡಕಾಕ."

"ಯಾರಿಗೆ? ಏನ ಮಾತು?"

ಹೇಳಿದ್ದರೆ ಅವರಿಗೆ ತಿಳಿಯುತ್ತಿತ್ತೇನೋ. ಕೆಟ್ಟ ಮನುಷ್ಯರೇನಲ್ಲ. ನನ್ನ ಮದುವೆಯೂ ಉಳಿಯುತ್ತಿತ್ತೇನೋ. ಆದರೆ ರೂತಬಾಯಿಯವರು ಗಂಡನ ಜೊತೆಗೂ ಆಡದೆ ಇಟ್ಟುಕೊಂಡ ಮಾತನ್ನು ಕಚೇರಿಯ ಕಾಗದದ ಮೇಲೆ ಬರೆಸುವುದು ಹೇಗೆ. "ಅದನ್ನ ಹೇಳಾಕ ಬರೂದಿಲ್ರಿ" ಎಂದೆ. ಅವರು ಇನ್ನೊಮ್ಮೆ ಕೇಳಿ, ಲೇಖನಿ ಮುಚ್ಚಿದರು. ವರ್ಷದ ಕೊನೆಗೆ ನನ್ನನ್ನು ನರಗುಂದಕ್ಕೆ, ತಂದೆಯ ಕಣ್ಣಳತೆಗೆ, ವರ್ಗ ಮಾಡಿದರು. ಮದುವೆ ನನಗೆ ಆಗಲಿಲ್ಲ. ಮುಂದೆ ಬಂದ ಎರಡು ಮೂರು ಕಡೆಯವರೂ ಗಜೇಂದ್ರಗಡದ ಸುದ್ದಿ ಕೇಳಿ ಸರಿದರು. ಅಪ್ಪ ಅದರ ಬಗ್ಗೆ ನನ್ನನ್ನು ಒಂದೇ ಸಲ ಕೇಳಿದ, ಆಕಿ ಏನ ಕೇಳಿದಳು ಎಂದು. ಅವನಿಗೂ ಹೇಳಲಿಲ್ಲ. ಈಗ ರೂತಬಾಯಿಯವರೂ ಇಲ್ಲ, ಅವರನ್ನು ಬಲ್ಲವರೂ ಇಲ್ಲವೆಂದು ಬರೆಯುತ್ತಿದ್ದೇನೆ.

ನಾನು ಗಜೇಂದ್ರಗಡ ಬಿಡುವ ಮುಂಚೆ ಅವರು ಸವಡಿಗೆ ಜೊತೆಗೆ ಬರುತ್ತೀರಾ ಎಂದು ಕೇಳಿದರು. ಬೇಸಿಗೆಯ ಬೆಳಗು, ಹತ್ತಿಕಟಗಿ ಕಿತ್ತ ಹೊಲಗಳು ಬಣಬಣ ಅನ್ನುತ್ತಿದ್ದವು. ಊರ ಹೊರಗೆ ಮೋಟಾರು ಇಳಿದು ನಡೆದೆವು. ಅಷ್ಟು ವರ್ಷ ಅವರು ಆ ಕಡೆ ಬಂದಿರಲಿಲ್ಲ. ಒಂದು ಬದುವಿನ ಹತ್ತಿರ ನಿಂತರು, ಮುಂದೆ ಹೋದರು, ಮತ್ತೆ ಹಿಂದಕ್ಕೆ ಬಂದರು. ನೆನಪಿದ್ದ ಗಿಡ ಈಗ ಇರಲಿಲ್ಲ. ನಾವು ಹೀಗೆ ತಿರುಗುವುದನ್ನು ದೂರದಿಂದ ನೋಡುತ್ತಿದ್ದ ಒಬ್ಬ ರೈತ ಕೊಡಲಿ ಹಿಡಿದುಕೊಂಡೇ ಬಂದ.

"ಯಾರ್ರೀ ನೀವು? ಹೊಲದಾಗ ಏನ ಹುಡಕಾಕತ್ತೀರಿ?"

ಯಾವುದೋ ನೆಪ ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ರೂತಬಾಯಿಯವರೇ ಹೇಳಿದರು.

"ನನ್ನ ಮಗಳನ್ನ ಇಲ್ಲೇ ಹುಗದಿದ್ವಿ. ಭಾಳ ವರ್ಷ ಆತು. ಜಾಗಾ ಸಿಗವಲ್ದು."

ಅವನು ಅವರನ್ನೂ ನನ್ನನ್ನೂ ನೋಡಿದ. ಕೊಡಲಿಯನ್ನು ಕೆಳಗಿಟ್ಟು ಬದುವಿನ ಗುಂಟ ಮುಂದೆ ನಡೆದ. ನಾವು ಹಿಂದೆ ಹೋದೆವು. ತಿರುವಿನಲ್ಲಿ ಒಂದು ಮೊಳಕಾಲೆತ್ತರದ ಕಲ್ಲು. ಅದರ ಸುತ್ತ ಒಂದು ಹೊರಸು ಮಂಚದಷ್ಟು ಅಗಲದ ನೆಲ. ಉಳಿದ ಹೊಲವೆಲ್ಲ ಹರಗಿ ಕರ್ರಗೆ ಬಿದ್ದಿದ್ದರೆ, ಅಲ್ಲಿ ಮಾತ್ರ ಒಣ ಹುಲ್ಲು ನಿಂತಿತ್ತು.

"ಇದೊಂದೀಟು ನಾವು ಕುಂಟಿ ಹೊಡಿಯಂಗಿಲ್ರಿ. ನಮ್ಮಪ್ಪ ಬ್ಯಾಡ ಅಂದಿದ್ದ. ಯಾಕಂತ ಹೇಳಿದ್ದಿಲ್ಲ."

ರೂತಬಾಯಿಯವರು ಹುಲ್ಲಿನ ಮೇಲೆ ಕೂತರು. ಚೀಲದಲ್ಲಿ ಆ ದಪ್ಪ ಪುಸ್ತಕ ತಂದಿದ್ದರು, ತೆಗೆಯಲಿಲ್ಲ. ಅಂಗೈಯನ್ನು ನೆಲದ ಮೇಲೆ ಊರಿಕೊಂಡು ಕೂತೇ ಇದ್ದರು. ರೈತ ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಕೇಳಿದ.

"ಹೆಸರೇನ್ರಿ ಕೂಸಿಂದು?"

"ಇಟ್ಟಿರಲಿಲ್ಲಪಾ. ಇಡಾವರು ಬರೂದರಾಗ ಹೋತು."

"ಹಂಗಾರ ಈಗ ಇಡ್ರಿ. ಮನ್ಯಾಗ ಕೇಳಿದ್ರ ಹೇಳಾಕಾದ್ರೂ ಬೇಕಲ್ರಿ ನಮಗ."

ರೂತಬಾಯಿಯವರು ತಲೆಯೆತ್ತಿ ಅವನನ್ನು ನೋಡಿದರು. ಆ ಮುಖದಲ್ಲಿ ಬೇರೆ ಏನಾದರೂ ಲೆಕ್ಕವಿದೆಯೇ ಎಂದು ಹುಡುಕಿದರು. ಆಮೇಲೆ ನೆಲದ ಕಡೆಗೆ ಬಾಗಿ, "ಕರುಣಾ" ಎಂದರು.

"ಕರುಣಾ" ಎಂದು ಅವನೂ ಒಮ್ಮೆ ಅಂದು ನೋಡಿಕೊಂಡ.